ಕಣ್ಣು ನನ್ನದು, ಬೆರಳು ಇವರದು

ನಮ್ಮನೆಯವರು ಕ್ಯಾಮೆರಾ ತಂದ ದಿನ ನಾನು ಕೇಳಿದ್ದು ಒಂದೇ, "ಎಷ್ಟಾಯ್ತು ರೀ?" ಬಿಲ್ ಇವತ್ತಿಗೂ ತೋರಿಸಿಲ್ಲ.

ಮೊದಲ ಸಲ ಕೊಕ್ಕರೆ ಬೆಳ್ಳೂರಿಗೆ ಹೊರಟಾಗ ಅವರ ಹೆಗಲಿಗೆ ಕ್ಯಾಮೆರಾ, ನನ್ನ ಕೈಗೆ ಪುಳಿಯೋಗರೆ ಡಬ್ಬಿ, ಫ್ಲಾಸ್ಕು. ಮದ್ದೂರು ತಾಲ್ಲೂಕಿನ ಊರದು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳು ಮನೆಗಳ ನಡುವಿನ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಹಸು ಕಟ್ಟಿರುತ್ತಾರೆ, ಮೇಲೆ ಬಾಣಂತನ ನಡೆದಿರುತ್ತದೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ಊರಿನವರು ಅವನ್ನು ನೋಡುವುದು. ನನಗೆ ಆ ಮಾತು ಹಿಡಿಸಿತು. ಇವರಿಗೆ ಮಾತ್ರ ಬೆಳಕು ಹಿಡಿಸಲಿಲ್ಲ.

"ಹಾರೋ ಹಕ್ಕಿಗೆ ಸೆಕೆಂಡಿನ ಸಾವಿರದಲ್ಲೊಂದು ಭಾಗ ಶಟರ್ ಇಡಬೇಕು ಕಣೇ" ಎನ್ನುತ್ತಾ ಏನೋ ತಿರುಗಿಸುತ್ತಾ ನಿಂತರು. ಅಷ್ಟರಲ್ಲಿ ಹಕ್ಕಿ ಹಾರಿಯಾಗಿತ್ತು, ಕೂತೂ ಆಗಿತ್ತು. ನಾನು ಸುಮ್ನೆ ಮೇಲೆ ನೋಡುತ್ತಿದ್ದೆ. ಹೆಜ್ಜಾರ್ಲೆ ಮರಿಯೊಂದು ತಾಯಿಯ ಗಂಟಲ ಚೀಲದೊಳಗೆ ಕತ್ತಿನ ತನಕ ತಲೆ ತೂರಿಸಿತ್ತು, ನಮ್ಮ ಮಗ ಚಿಕ್ಕವನಿದ್ದಾಗ ಚಕ್ಕುಲಿ ಡಬ್ಬಕ್ಕೆ ಇಳಿಯುತ್ತಿದ್ದ ಹಾಗೆ.

"ರೀ, ಎಡಗಡೆ, ಒಣಗಿದ ಕೊಂಬೆ!"

"ಯಾವ ಕೊಂಬೆ?"

ಬೀರುವಿನಲ್ಲಿ ಕಣ್ಣೆದುರೇ ಇರುವ ಬನಿಯನ್ನು ಮೂವತ್ತು ವರ್ಷದಿಂದ ಹುಡುಕುತ್ತಿರುವ ಮನುಷ್ಯ. ಕೊನೆಗೆ ಅವರ ಗಲ್ಲ ಹಿಡಿದು ತಿರುಗಿಸಿದೆ. ನಡುಬೀದಿಯಲ್ಲಿ. ಕ್ಲಿಕ್ ಅಂತು.

ಮನೆಯಲ್ಲಿ ನಾವಿಬ್ಬರೂ ಒಂದು ಗಂಟೆ ಮಾತಾಡದೆ ಕೂತರೆ ಜಗಳವಾಗಿದೆ ಅಂತಲೇ ಅರ್ಥ. ಅವತ್ತು ಒಂದೂವರೆ ಗಂಟೆ ತುಟಿ ಬಿಚ್ಚಲಿಲ್ಲ. ಫ್ಲಾಸ್ಕಿನ ಮುಚ್ಚಳ ಮಾತ್ರ ಆ ಕೈಯಿಂದ ಈ ಕೈಗೆ ಹೋಗಿ ಬರುತ್ತಿತ್ತು. ಇವರಿಗೆ ಸಕ್ಕರೆ ಜಾಸ್ತಿ ಅನ್ನಿಸಿರಬೇಕು, ಅದನ್ನೂ ಹೇಳಲಿಲ್ಲ.

ಗೂಡಿನ ನೇರ ಕೆಳಗೆ ಕೂರಬಾರದು ಅನ್ನುವುದನ್ನು ಇವರ ಹೊಸ ಟೋಪಿ ಕಲಿಸಿತು. ಊರಿನವರು ಆ ಹಿಕ್ಕೆಯನ್ನು ಗುಡಿಸಿ ಹೊಲಕ್ಕೆ ಗೊಬ್ಬರ ಮಾಡುತ್ತಾರೆ. ನಾನು ಸೋಪಿನ ಪುಡಿಯಲ್ಲಿ ನೆನೆಹಾಕಿದೆ.

ರಾತ್ರಿ ನೋಡಿದರೆ ನಾನೂರು ಚಿಲ್ಲರೆ ಫೋಟೊ. ಹೆಚ್ಚಿನವು ಖಾಲಿ ಕೊಂಬೆ, ಅಷ್ಟಿಷ್ಟು ಬಾಲ. ಚಕ್ಕುಲಿ ಡಬ್ಬದ ಮರಿಯೊಂದು ಸೊಗಸಾಗಿ ಬಂದಿತ್ತು. ಮನೆಯವರ ಗುಂಪಿಗೆ ಹಾಕಿ "ನಾನು ತೆಗೆದದ್ದು" ಅಂತ ಬರೆದರು. ಅದರ ಕೆಳಗೆ ನಾನೂ ಬರೆದೆ: "ತೋರಿಸಿದ್ದು ಯಾರು?"

ಬರುವ ಭಾನುವಾರ ರಂಗನತಿಟ್ಟು. ದೋಣಿಯಲ್ಲಿ ಕ್ಯಾಮೆರಾ ನನ್ನ ಕೈಯಲ್ಲಿ ಅಂತ ಈಗಲೇ ಹೇಳಿಟ್ಟಿದ್ದೇನೆ. ಪುಳಿಯೋಗರೆ ಇವರು ಕಲಸುತ್ತಾರಂತೆ.