‘ಇಪ್ಕ್ರೆಸ್ ಫೈಲ್’ ಬ್ಲೂ-ರೇಯಲ್ಲಿ ಚಿತ್ರ ಕತ್ತರಿಸಿಲ್ಲ

ಮೈಕೆಲ್ ಕೇನ್ ನಟಿಸಿದ 1965ರ ಬ್ರಿಟಿಷ್ ಗೂಢಚಾರ ಸಿನಿಮಾ ‘ದಿ ಇಪ್ಕ್ರೆಸ್ ಫೈಲ್’ ಬಗ್ಗೆ ಒಂದು ಮಾತು ಓಡಾಡುತ್ತಿದೆ. ಬ್ಲೂ-ರೇ ಡಿಸ್ಕ್‌ನಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿ ಚಿತ್ರ ಕತ್ತರಿಸಿದ್ದಾರೆ, ಟಿವಿ ತುಂಬ ಕಾಣುತ್ತಿದ್ದ ಹಳೇ ಕ್ಯಾಸೆಟ್ಟೇ ಪೂರ್ತಿ ಅಂತ. ವಿಷಯ ಪೂರಾ ಉಲ್ಟಾ.

ಬೇರೆ ಕೆಲವು ಸಿನಿಮಾಗಳಿಗೆ ಆ ಮಾತು ಒಪ್ಪುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಇದನ್ನು ತೆಗೆದದ್ದು ಟೆಕ್ನಿಸ್ಕೋಪ್ ಎಂಬ ಅಗಲ ಪರದೆಯ ಚಿತ್ರೀಕರಣ ಪದ್ಧತಿಯಲ್ಲಿ. ಮಾಮೂಲಿ 35 ಎಂಎಂ ಫಿಲ್ಮ್‌ನಲ್ಲಿ ಒಂದು ಫ್ರೇಮಿನ ಎತ್ತರ ಅಂಚಿನ 4 ತೂತುಗಳಷ್ಟು. ಟೆಕ್ನಿಸ್ಕೋಪ್‌ನಲ್ಲಿ ಬರೀ 2. ಫಿಲ್ಮ್ ಅರ್ಧ ಸಾಕು, ಫ್ರೇಮ್ ಹುಟ್ಟುವಾಗಲೇ ಪಟ್ಟಿಯಂತೆ ಅಗಲ. ಮೇಲೆ ಕೆಳಗೆ ಕತ್ತರಿಸೋಕೆ ಏನಿದೆ ಹೇಳಿ? ಹಳೇ 4:3 ಟಿವಿ (ಅಗಲ 4 ಪಾಲು, ಎತ್ತರ 3 ಪಾಲು) ತುಂಬಿಸಬೇಕಾದರೆ ಪಕ್ಕಗಳನ್ನೇ ಕೊಯ್ಯಬೇಕು. ಚಿತ್ರದ ಶೇ. 40ಕ್ಕೂ ಜಾಸ್ತಿ ಭಾಗ ಹೋಗುತ್ತದೆ.

ಈ ಸಿನಿಮಾದಲ್ಲಿ ಅದು ಸಣ್ಣ ನಷ್ಟವಲ್ಲ. ನಿರ್ದೇಶಕ ಸಿಡ್ನಿ ಫ್ಯೂರಿ, ಛಾಯಾಗ್ರಾಹಕ ಆಟೊ ಹೆಲ್ಲರ್ ಇಬ್ಬರೂ ಅಂಚುಗಳಲ್ಲೇ ಆಟ ಆಡಿದ್ದಾರೆ. ಲಂಡನ್ನಿನ ಆಲ್ಬರ್ಟ್ ಹಾಲ್ ಮೆಟ್ಟಿಲ ಮೇಲಿನ ಹೊಡೆದಾಟ ನೋಡಿ. ಕ್ಯಾಮೆರಾ ಟೆಲಿಫೋನ್ ಬೂತಿನೊಳಗೆ ಕೂತಿದೆ, ಜಗಳ ಗಾಜಿನಾಚೆ ನಡೆಯುತ್ತದೆ. ಪಕ್ಕ ಕೊಯ್ದರೆ ಕದ್ದು ನೋಡುವ ಆ ಮಜಾನೇ ಇರಲ್ಲ.

ಇನ್ನು, ‘ಡಿಸ್ಕ್ ಕಳಪೆ, ಚಿತ್ರ ಪುಡಿಪುಡಿ ಕಾಣುತ್ತೆ’ ಅನ್ನೋರಿಗೂ ಉತ್ತರ ಇದರಲ್ಲೇ ಇದೆ. ಅರ್ಧ ಫ್ರೇಮನ್ನು ಅಷ್ಟು ಹಿಗ್ಗಿಸಿದಾಗ ಫಿಲ್ಮಿನ ಕಣಗಳು ಎದ್ದು ಕಾಣುವುದು ಸಹಜ.