ಕರುಳಿಗೊಂದು ಟೀ ಶರ್ಟು

ಸರ್ಜಾಪುರ ರಸ್ತೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೋದ ಭಾನುವಾರ ಕರುಳಿನ ಕ್ಯಾನ್ಸರ್ ಜಾಗೃತಿ ನಡಿಗೆ ಇತ್ತು. ಈಜುಕೊಳದಿಂದ ಕ್ಲಬ್ ಹೌಸ್‌ವರೆಗೆ ನಡೆದೆವು. ಅಷ್ಟು ದೂರಕ್ಕೂ ಒಂದು ಟೀ ಶರ್ಟು ಕೊಟ್ಟರು. ಬೆನ್ನ ಮೇಲೆ ದಪ್ಪ ಅಕ್ಷರದಲ್ಲಿ 'ಕರುಳು ಕಾಪಾಡಿ' ಎಂದಿತ್ತು.

ಡಾಕ್ಟರು ಪಾಪ, ಚೆನ್ನಾಗಿಯೇ ಮಾತಾಡಿದರು. ಸಾಸೇಜ್, ಸಲಾಮಿ, ಬೇಕನ್ ಥರದ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತ ಎನ್ನುವ ಗುಂಪಿಗೆ, ಹಾಕಿದೆ. ಬೀಡಿ ಸಿಗರೇಟು ಇರುವುದೂ ಅದೇ ಗುಂಪಿನಲ್ಲಿ. ಸಾಸೇಜ್ ಸಿಗರೇಟಿನಷ್ಟೇ ಕೆಟ್ಟದ್ದು ಅಂತಲ್ಲ, ಸಾಕ್ಷಿ ಅಷ್ಟೇ ಗಟ್ಟಿ ಅಂತ. ದಿನಾ 50 ಗ್ರಾಂ ತಿಂದರೆ ಅಪಾಯ ಸುಮಾರು 18 ಪರ್ಸೆಂಟ್ ಜಾಸ್ತಿ.

ಸಿ ಬ್ಲಾಕಿನ ಸಾಹೇಬರೊಬ್ಬರು ಕೈ ಎತ್ತಿದರು. "ಅಂದ್ರೆ 82 ಪರ್ಸೆಂಟ್ ಸೇಫ್, ಅಲ್ವಾ ಡಾಕ್ಟ್ರೇ?"

ಚಪ್ಪಾಳೆ ಬಿತ್ತು. ನೂರರಲ್ಲಿ ಐದು ಜನಕ್ಕೆ ಬರುತ್ತಿದ್ದರೆ ಅದು ಹೆಚ್ಚುಕಮ್ಮಿ ಆರಾಗುತ್ತದೆ, ಲೆಕ್ಕ ಇಷ್ಟೇ ಎಂದು ಡಾಕ್ಟರು ಬಿಡಿಸಿ ಹೇಳುವಷ್ಟರಲ್ಲಿ ಅರ್ಧ ಸಭೆ ತಿಂಡಿಯ ಕ್ಯೂ ಸೇರಿತ್ತು.

ತಿಂಡಿ ಏನು ಅಂತೀರಾ? ಪ್ರಾಯೋಜಕರ ಲೈವ್ ಕೌಂಟರಿನ ಬಿಸಿ ಬಿಸಿ ಹಾಟ್ ಡಾಗ್, ಅಂದರೆ ಬನ್ನಿನೊಳಗೆ ಅದೇ ಸಾಸೇಜ್. ಸಸ್ಯಾಹಾರಿಗಳು ಮುನಿಸಿಕೊಳ್ಳಬಾರದು ನೋಡಿ, ಅವರಿಗೆ ಮೈದಾ ಪಫ್ಸು ಮತ್ತು ಕೋಲಾ. ನಾನೂ ಎರಡು ಪಫ್ಸು ತಿಂದೆ, ಸುಳ್ಳೇಕೆ ಹೇಳಲಿ.

ಪಕ್ಕದಲ್ಲೇ 'ಉರಿಯೂತ ನಿವಾರಕ' ಕೌಂಟರ್. ಟರ್ಮರಿಕ್ ಲಾಟೆ, ಒಂದು ಕಪ್ಪಿಗೆ 280 ರೂಪಾಯಿ. ನೆಗಡಿಯಾದಾಗ ಅಜ್ಜಿ ಮೂಗು ಹಿಡಿದು ಕುಡಿಸುತ್ತಿದ್ದ ಅರಿಶಿನದ ಹಾಲೇ ಇದು. ಆಗ ತಪ್ಪಿಸಿಕೊಂಡು ಓಡುತ್ತಿದ್ದವರು ಈಗ ಸಾಲಿನಲ್ಲಿ ನಿಂತಿದ್ದರು. ಉರಿಯೂತ ತಗ್ಗಿಸುತ್ತದೆ ಎನ್ನುವ ಅರಿಶಿನದ ಸತ್ವ ಕರ್ಕ್ಯುಮಿನ್ ಮೈಗೆ ಹತ್ತುವುದೇ ಬಲು ಕಡಿಮೆ. ಹಾಟ್ ಡಾಗಿನ ಮೇಲೆ ಒಂದು ಕಪ್ಪು ಸುರಿದರೆ ಲೆಕ್ಕ ಚುಕ್ತಾ ಆಗುತ್ತದೆ ಎಂದು ಇವರಿಗೆ ಯಾರು ಹೇಳಿದರೋ!

ಮನೆಗೆ ಹೋಗುವಾಗ ಎಲ್ಲರಿಗೂ ಒಂದು ಚೀಲ. ಒಳಗೆ 'ಫೈಬರ್ ರಾಗಿ ಕುಕೀಸ್'. ನನಗೊಂದು ಕೆಟ್ಟ ಚಟ, ಪ್ಯಾಕೆಟ್ಟಿನ ಬೆನ್ನು ಓದುವುದು. ಜಾಸ್ತಿ ಇರುವ ಪದಾರ್ಥವನ್ನೇ ಅಲ್ಲಿ ಮೊದಲು ಬರೆಯಬೇಕು, ಅದು ನಿಯಮ. ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ತಾಳೆ ಎಣ್ಣೆ. ರಾಗಿ ನಾಲ್ಕನೆಯದು. ಮದುವೆ ಮನೆಯಲ್ಲಿ ದೂರದ ನೆಂಟ ಫೋಟೊದ ಮೂಲೆಯಲ್ಲಿ ಇಣುಕುತ್ತಾನಲ್ಲ, ಹಾಗೆ.

ಅಸಲಿಗೆ ಡಾಕ್ಟರು ಹೇಳಿದ ಒಳ್ಳೆಯ ಮಾತು ನಾರಿನದ್ದು. ಅದನ್ನು ಯಾರೂ ಕೇಳಲಿಲ್ಲ. ನಾರು ನಮಗೆ ಅರಗುವುದಿಲ್ಲ. ಆದರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಅವು ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ತಯಾರಿಸುತ್ತವೆ. ಕರುಳಿನ ಒಳಪದರ ಅದನ್ನು ತಿಂದು ಗಟ್ಟಿಯಾಗುತ್ತದೆ, ಉರಿಯೂತ ತಗ್ಗುತ್ತದೆ. ವರ್ಷಗಟ್ಟಲೆ ಒಳಗೇ ಹೊಗೆಯಾಡುವ ಉರಿಯೂತ ಕ್ಯಾನ್ಸರಿಗೆ ದಾರಿ ಸಲೀಸು ಮಾಡಿಕೊಡುತ್ತದೆ. ದಿನಕ್ಕೆ ಸುಮಾರು 30 ಗ್ರಾಂ ನಾರು ಬೇಕು. 100 ಗ್ರಾಂ ರಾಗಿಯಲ್ಲೇ ಹತ್ತಿರ ಹತ್ತಿರ 11 ಗ್ರಾಂ ಇದೆ. ಮುದ್ದೆ, ಜೊತೆಗೊಂದು ಬಸ್ಸಾರು, ಕಾಳು ಸೊಪ್ಪಿನ ಪಲ್ಯ. ಇದಕ್ಕೆ ಪ್ರಾಯೋಜಕರು ಎಲ್ಲಿ ಸಿಗಬೇಕು?

ಸೊಪ್ಪು ಅಂದೆನಲ್ಲ. ಅದು ಗೇಟಿನ ಹೊರಗೇ ಇತ್ತು. ದಂಟು, ಕೀರೆ, ಸಬ್ಬಸಿಗೆ ಗುಡ್ಡೆ ಹಾಕಿಕೊಂಡು ಸೊಪ್ಪಮ್ಮ ದಿನಾ ತಳ್ಳುಗಾಡಿ ತರುತ್ತಾಳೆ. ಗಾಡಿ ಒಳಗೆ ಬಂದರೆ ಲುಕ್ ಕೆಡುತ್ತದೆ ಎಂದು ಕಮಿಟಿ ಠರಾವು ಮಾಡಿ ಎರಡು ವರ್ಷವಾಯಿತು. ಹತ್ತು ನಿಮಿಷದಲ್ಲಿ ಚಿಪ್ಸ್ ತರುವ ಹುಡುಗರಿಗೆ ಮಾತ್ರ ಗೇಟು ತಾನಾಗಿಯೇ ತೆರೆಯುತ್ತದೆ. ಅವರಿಗೆ ಆ್ಯಪಿನಲ್ಲಿ ಅನುಮತಿ ಇದೆ. ಸೊಪ್ಪಮ್ಮನ ಹತ್ತಿರ ಇರುವುದು ಬಟನ್ ಫೋನು. ಈ ಠರಾವಿಗೆ ಸಹಿ ಹಾಕಿದವರೇ ಬೆಳಿಗ್ಗೆ ನಡಿಗೆಗೆ ಹಸಿರು ಬಾವುಟ ತೋರಿಸಿದ್ದು.

ಮಧ್ಯಾಹ್ನ ಮೊಸರು ತರಲು ಹೊರಗೆ ಹೋದೆ. ಉಳಿದ ಟೀ ಶರ್ಟುಗಳಲ್ಲಿ ಒಂದನ್ನು ಸೆಕ್ಯುರಿಟಿಯವನು ಅವಳಿಗೆ ಕೊಟ್ಟಿದ್ದ. ಅವಳು ಅದನ್ನು ನೀರಿನಲ್ಲಿ ಅದ್ದಿ ಹಿಂಡಿ, ಬಿಸಿಲಿಗೆ ಬಾಡದಂತೆ ಸೊಪ್ಪಿನ ಮೇಲೆ ಹೊದಿಸಿದ್ದಳು. ಮಡಿಕೆ ಬಿದ್ದು 'ಕರುಳು' ಒಳಗೆ ಹೋಗಿತ್ತು. 'ಕಾಪಾಡಿ' ಮಾತ್ರ ಕಾಣುತ್ತಿತ್ತು.