ಮಾವನ ಯೆಜ್ಡಿಯೂ ಮನೆಯ ಹುಣಸೆಹಣ್ಣೂ

ನಮ್ಮ ಮಾವನ ಮನೆಯ ಹಿತ್ತಿಲಲ್ಲಿ ಒಂದು ಯೆಜ್ಡಿ ರೋಡ್‌ಕಿಂಗ್ ಬೈಕು ನಿಂತಿತ್ತು. ಹ್ಯಾಂಡಲ್ ಮೇಲೆ ಒದ್ದೆ ಪಂಚೆ, ಸೀಟಿನ ಮೇಲೆ ತೆಂಗಿನಕಾಯಿ ಮೂಟೆ, ಹಿಂದಿನ ಚಕ್ರದ ತುಂಬ ಅಮೃತಬಳ್ಳಿ. 20 ವರ್ಷದಿಂದ ಅದಕ್ಕೆ ಇದೇ ಕೆಲಸ. ಯುಗಾದಿ ದಿನ ಮೂರನೇ ಹೋಳಿಗೆ ಒಳಗೆ ಹೋದ ಮೇಲೆ ನನಗೆ ಏನಾಯಿತೋ, "ಇದನ್ನ ನಾನೇ ರೆಡಿ ಮಾಡ್ತೀನಿ ಮಾವ" ಅಂದುಬಿಟ್ಟೆ. ಮಾವ ಬೇಡ ಅನ್ನಲಿಲ್ಲ. "ಹಂಗಾದ್ರೆ ಪಂಚೆ ಒಣಗಿಸೋಕೆ ಹಗ್ಗ ಕಟ್ಬೇಕು" ಅಂದರು.

ಗೂಡ್ಸ್ ಆಟೋದಲ್ಲಿ ಮೈಸೂರಿಗೆ ತಂದು ಇಳಿಸಿದಾಗ ಆಟೋದ ಹುಡುಗ ಗಾಡಿಯ ಸುತ್ತ ಎರಡು ಸುತ್ತು ಹಾಕಿದ. "ಸಾರ್, ಇದಕ್ಕೆ ಕಿಕ್ಕರ್ರೇ ಇಲ್ಲ, ಯಾರೋ ಕದ್ದಿದ್ದಾರೆ." ಎಡಗಡೆ ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆತ್ತಿ ತೋರಿಸಿದೆ. ಗೇರೂ ಅದೇ, ಕಿಕ್ಕರ್ರೂ ಅದೇ. ಅವನು ಬಾಯಿ ಬಿಟ್ಟು ನೋಡಿದ. ಈ ಗಾಡಿಯ ಬಗ್ಗೆ ನನಗೆ ಗೊತ್ತಿದ್ದದ್ದು ಅದೊಂದೇ ಅಂತ ಅವನಿಗೆ ಹೇಳಲಿಲ್ಲ.

ಬಿಚ್ಚುವ ಕೆಲಸ ಒಂದೇ ಭಾನುವಾರದಲ್ಲಿ ಮುಗಿಯಿತು. ಯಾವ ಭಾಗ ಎಲ್ಲಿಯದು ಅಂತ ಮರೆಯಬಾರದಲ್ಲ, ವರಾಂಡದ ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದು, ನಂಬರ್ ಹಾಕಿ, ಒಂದೊಂದರಲ್ಲಿ ಒಂದೊಂದು ನಟ್ಟು ಬೋಲ್ಟು ಇಟ್ಟೆ. ಸೋಮವಾರ ಬೆಳಿಗ್ಗೆ ಕೆಲಸದವಳು ಬಂದಳು. ನಟ್ಟು ಬೋಲ್ಟೆಲ್ಲ ಗುಡಿಸಿ ಒಂದು ಬಕೆಟ್‌ಗೆ ಹಾಕಿ, ನೆಲ ಒರೆಸಿ, "ಮಕ್ಕಳು ಏನೇನೋ ಗೀಚಿದ್ವು ಅಕ್ಕ, ಎಲ್ಲ ಅಳಿಸಿದೀನಿ" ಅಂತ ನನ್ನ ಹೆಂಡತಿಗೆ ಹೇಳಿ ಹೋದಳು.

ಅದಾದ ಮೇಲೆ ಕಾರ್ಬ್ಯುರೇಟರಿನ ಸಣ್ಣ ಸಾಮಾನುಗಳನ್ನು ಇಡ್ಲಿ ತಟ್ಟೆಗೆ ವರ್ಗಾಯಿಸಿದೆ. ಗುಳಿಗೊಂದು: ಜೆಟ್ಟು, ಸೂಜಿ, ಫ್ಲೋಟು, ಸ್ಪ್ರಿಂಗು. ಇಂಥ ಅನುಕೂಲದ ಪಾತ್ರೆ ಯಾವ ಗ್ಯಾರೇಜಿನಲ್ಲೂ ಇಲ್ಲ. ಮನೆಯಲ್ಲಿ ಮಾತ್ರ ಎರಡು ತಿಂಗಳು ಬರೀ ಉಪ್ಪಿಟ್ಟು.

ಟ್ಯಾಂಕಿನ ಒಳಗೆ ಕೈ ಹಾಕಿದರೆ ಕುಂಕುಮದಂಥ ತುಕ್ಕು. ಹುಣಸೆಹುಳಿಗೆ ತುಕ್ಕು ಬಿಡುತ್ತದೆ ಅಂತ ಎಲ್ಲೋ ಕೇಳಿದ್ದೆ. ಅಡುಗೆಮನೆಯ ಜಾಡಿಯಲ್ಲಿದ್ದ ಎರಡು ಕೆಜಿ ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ಕಿವುಚಿ, ಒಂದು ಹಿಡಿ ಸಣ್ಣ ಜಲ್ಲಿ ಸೇರಿಸಿ ಟ್ಯಾಂಕಿಗೆ ಸುರಿದು, ತೊಡೆಯ ಮೇಲಿಟ್ಟುಕೊಂಡು ಮಗು ಆಡಿಸಿದ ಹಾಗೆ ಆಡಿಸಿದೆ. ಎರಡು ದಿನದಲ್ಲಿ ಟ್ಯಾಂಕು ಬೆಳ್ಳಗಾಯಿತು. ಮೂರನೇ ದಿನ ಸಾರು ಸಪ್ಪಗಿತ್ತು. "ರೀ, ಅದು ಹಳೇ ಹುಣಸೆಹಣ್ಣು, ನಮ್ಮಮ್ಮ ಉಪ್ಪು ಹಾಕಿ ಕಟ್ಟಿಕೊಟ್ಟಿದ್ದು" ಅಂದಳು ಹೆಂಡತಿ. ನಿಮ್ಮಪ್ಪನ ಗಾಡಿಗೇ ಹೋಯಿತಲ್ಲ ಅಂತ ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ.

ಮೈಸೂರಿನಲ್ಲಿ ಯೆಜ್ಡಿಯನ್ನು ಒಬ್ಬನೇ ಕೂತು ರಿಪೇರಿ ಮಾಡಲು ಆಗುವುದಿಲ್ಲ. ಈ ಗಾಡಿ ಹುಟ್ಟಿದ್ದೇ ಇಲ್ಲಿ, ಯಾದವಗಿರಿಯ ಫ್ಯಾಕ್ಟರಿಯಲ್ಲಿ. ಮೊದಲು ಜಾವಾ ಆಗಿದ್ದದ್ದು 1973ರಲ್ಲಿ ಯೆಜ್ಡಿ ಆಯಿತು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಆದರೆ ಊರಿನಲ್ಲಿ ಐವತ್ತು ದಾಟಿದ ಗಂಡಸರೆಲ್ಲ ಇನ್ನೂ ಡ್ಯೂಟಿಯಲ್ಲೇ ಇದ್ದಾರೆ. ಹಾಲು ತಗೊಂಡು ಮನೆಗೆ ಹೊರಟವರು ನಮ್ಮ ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಒಬ್ಬರು "ಪ್ಲಗ್ ಬಿಚ್ಚಿ ಸೀಮೆಎಣ್ಣೆ ಬಿಡಿ, ಪಿಸ್ಟನ್ ಬಿಟ್ಕೊಳ್ಳುತ್ತೆ" ಅಂದರೆ, ಇನ್ನೊಬ್ಬರು "ಸೀಮೆಎಣ್ಣೆ ಬೇಡ, ಡೀಸೆಲ್" ಅನ್ನುತ್ತಿದ್ದರು. ಇಬ್ಬರ ಹಾಲೂ ಒಡೆಯುವಷ್ಟು ಹೊತ್ತು ವಾದ. ನಾನು ಎರಡನ್ನೂ ಬಿಟ್ಟೆ.

ಮೂರನೆಯವರೊಬ್ಬರು ಮಾತ್ರ ಏನೂ ಹೇಳುತ್ತಿರಲಿಲ್ಲ. ಪಂಚೆ, ಹವಾಯಿ ಚಪ್ಪಲಿ, ಕೈಯಲ್ಲಿ ತರಕಾರಿ ಚೀಲ. ಐದು ನಿಮಿಷ ನೋಡುವುದು, "ಹೂಂ" ಅನ್ನುವುದು, ಹೊರಡುವುದು. ಅದೇ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವರಂತೆ. ಆ "ಹೂಂ" ನನ್ನನ್ನು ಜಾಸ್ತಿ ಹೆದರಿಸುತ್ತಿತ್ತು.

ಕೊನೆಗೊಂದು ಭಾನುವಾರ ಎಲ್ಲ ಜೋಡಿಸಿದೆ. ಮೂರು ನಟ್ಟು ಉಳಿದವು, ಇರಲಿ. ಬ್ರೇಕಿನ ಕೆಲಸ ಬಾಕಿಯಿತ್ತು. ಗೇಟಿನ ತನಕ ಓಡಿಸಲು ಬ್ರೇಕ್ ಯಾಕೆ, ಅಲ್ವಾ? ಒಂದು ಲೀಟರ್ ಪೆಟ್ರೋಲಿಗೆ 40 ಎಂಎಲ್ ಟೂ-ಟಿ ಆಯಿಲ್ಲನ್ನು ಮಗಳ ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ ಅಳೆದು ಬೆರೆಸಿದೆ. ಬೀದಿಯ ಸಲಹಾ ಮಂಡಳಿ ಪೂರ್ತಿ ಹಾಜರಿತ್ತು. ಹತ್ತು ಕಿಕ್ ಹೊಡೆದೆ, ಏನೂ ಇಲ್ಲ. ಹನ್ನೊಂದನೆಯದಕ್ಕೆ ಲಿವರ್ ತಿರುಗಿ ಬಂದು ನನ್ನ ಕಾಲಿಗೇ ಒದೆಯಿತು. ನಾನು "ಅಮ್ಮಾ" ಅನ್ನುವಷ್ಟರಲ್ಲಿ ಎಂಜಿನ್ ಶುರುವಾಗಿತ್ತು! ಸೈಲೆನ್ಸರಿನಿಂದ ಕಣಜದ ಮಣ್ಣುಗೂಡಿನ ಪುಡಿ ಸಿಡಿಯಿತು, ಆಮೇಲೆ ನೀಲಿ ಹೊಗೆ. ಎದುರುಮನೆಯವರು ಕಿಟಕಿ ಮುಚ್ಚಿಕೊಂಡರು. ಮಂಡಳಿಯವರು ಚಪ್ಪಾಳೆ ತಟ್ಟಿದರು.

ನಾನು ಗತ್ತಿನಿಂದ ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟೆ.

ಗಾಡಿ ಹಿಂದಕ್ಕೆ ಹೋಯಿತು.

ಉರುಳಿಕೊಂಡು ಅಲ್ಲ, ಎಂಜಿನ್ ಬಲದಿಂದ, ಜೋರಾಗಿ. ಎದುರಿಗಿದ್ದ ಗೇಟು ದೂರವಾಗುತ್ತಿತ್ತು. ಚಪ್ಪಾಳೆ ನಿಂತಿತ್ತು. ಇಲ್ಲದ ಬ್ರೇಕನ್ನು ತುಳಿಯುತ್ತ ದಾಸವಾಳದ ಗಿಡ ದಾಟಿ, ಎರಡು ಕುಂಡ ಒಡೆದು, ಬಟ್ಟೆ ಒಗೆಯುವ ಕಲ್ಲಿಗೆ ಗುದ್ದಿ ನಿಂತೆ.

ಆಗ "ಹೂಂ" ಅನ್ನುವವರು ತರಕಾರಿ ಚೀಲ ಕೆಳಗಿಟ್ಟು ಒಳಗೆ ಬಂದರು. "ಪಾಯಿಂಟ್ ಜಾಸ್ತಿ ಅಡ್ವಾನ್ಸ್ ಇಟ್ಟಿದ್ದೀರ, ಪ್ಲಗ್ಗಿನ ಕಿಡಿ ಬೇಗ ಹಾರ್ತಿದೆ. ಕಿಕ್ ವಾಪಸ್ ಹೊಡೆದು ಎಂಜಿನ್ ಉಲ್ಟಾ ತಿರುಗಿದೆ. ಟೂ ಸ್ಟ್ರೋಕ್ ನೋಡಿ, ಅದಕ್ಕೆ ಹಿಂದೆ ಮುಂದೆ ಎರಡೂ ಒಂದೇ." ಜೇಬಿನಿಂದ ಫೀಲರ್ ಗೇಜ್ ತೆಗೆದರು, ಸಂದು ಅಳೆಯುವ ತೆಳು ಉಕ್ಕಿನ ಎಲೆಗಳ ಕಟ್ಟು. ತರಕಾರಿ ತರಲು ಹೊರಟವರ ಜೇಬಿನಲ್ಲಿ ಫೀಲರ್ ಗೇಜ್! ಕುಕ್ಕರಗಾಲಿನಲ್ಲಿ ಕೂತು, 0.4 ಮಿಲಿಮೀಟರಿನ ಎಲೆ ತೂರಿಸಿ ಪಾಯಿಂಟ್ ಸರಿಮಾಡಿ, ಟೈಮಿಂಗ್ ಕೂಡಿಸಿದರು. ಕೈ ನಡುಗುತ್ತಿತ್ತು, ಎಲೆ ಮಾತ್ರ ನಡುಗಲಿಲ್ಲ. ಒಂದೇ ಕಿಕ್‌ಗೆ ಗಾಡಿ ಡುಬುಡುಬು ಅಂದಿತು.

"ಒಂದು ರೌಂಡ್ ನೋಡ್ಕೊಂಡು ಬರ್ತೀನಿ" ಅಂದರು. ನಾನು ಬ್ರೇಕ್ ಅನ್ನುವಷ್ಟರಲ್ಲಿ ಬೀದಿಯ ತಿರುವು ದಾಟಿದ್ದರು.

ಅರ್ಧ ಗಂಟೆಯಾದರೂ ಸುದ್ದಿಯಿಲ್ಲ. ಹೆಂಡತಿ ಇಡ್ಲಿ ತಟ್ಟೆ ಹಿಡಿದು ಬಂದಳು. "ರೀ, ಇದರಲ್ಲಿ ಇನ್ನೊಂದು ಉಳಿದಿದೆ." ಹಿಂದಿನ ಬ್ರೇಕ್ ರಾಡಿನ ತುದಿಗೆ ಹಾಕುವ ನಟ್ಟು. ಗೇಟಿನ ಹತ್ತಿರ ಅವರ ತರಕಾರಿ ಚೀಲ. ಮೇಲೆ ಒಂದು ಕಟ್ಟು ಕೊತ್ತಂಬರಿ ಬಾಡುತ್ತಿತ್ತು.

ಆಮೇಲೆ ದೂರದಲ್ಲಿ ಡುಬುಡುಬು ಕೇಳಿತು. ಬಂದರು. ಎರಡು ಕಾಲನ್ನೂ ನೆಲಕ್ಕೆ ಉಜ್ಜುತ್ತ, ಸರಿಯಾಗಿ ಗೇಟಿನ ಮುಂದೆ ನಿಲ್ಲಿಸಿದರು.

"ಯಾದವಗಿರಿ ತನಕ ಹೋಗಿದ್ದೆ" ಅಂದರು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ.